ಕಾಲಲ್ಲಿ ಹುಟ್ಟು, ನೀರಲ್ಲಿ ತೋಟ

ಬೆಳಗಿನ ಆರು ಗಂಟೆಯ ಚಳಿಗೆ ಶಾಲು ಹೊದ್ದು ನ್ಯಾಂಗ್‌ಶ್ವೆ ಪಟ್ಟಣದ ದೋಣಿಗಟ್ಟೆಗೆ ಬಂದ ಪ್ರವಾಸಿಗೆ ಸರೋವರ ಕಾಣುವುದಿಲ್ಲ. ಕೇಳಿಸುವುದು ಡೀಸೆಲ್ ಎಂಜಿನ್ನುಗಳ ಪಟಪಟ ಸದ್ದು. ಉದ್ದನೆಯ, ತೀರಾ ಕಿರಿದಾದ ದೋಣಿಗಳು ಕಾಲುವೆಯ ದಡಕ್ಕೆ ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದರಲ್ಲೂ ಒಂದರ ಹಿಂದೊಂದು ಇಟ್ಟ ನಾಲ್ಕೈದು ಮರದ ಕುರ್ಚಿ, ಹಿಂತುದಿಯಲ್ಲಿ ಎಂಜಿನ್, ಅದರಿಂದ ನೀರಿಗೆ ಇಳಿದ ಉದ್ದನೆಯ ಸರಳು. ದೋಣಿ ಹೊರಟಿತೆಂದರೆ ಹಿಂದೆ ಹುಂಜದ ಬಾಲದಂತೆ ನೀರು ಚಿಮ್ಮುತ್ತದೆ. ಸುಮಾರು ಐದು ಕಿಲೋಮೀಟರ್ ಕಾಲುವೆಯಲ್ಲಿ ಸಾಗಿದ ಮೇಲೆ ಎರಡೂ ಕಡೆಯ ಜೊಂಡು ಹಿಂದೆ ಸರಿದು, ಮಂಜಿನ ನಡುವೆ ಒಮ್ಮೆಲೇ ನೀರು ಹರವಿಕೊಳ್ಳುತ್ತದೆ. ಅದೇ ಇನ್ಲೆ ಸರೋವರ.

ಮ್ಯಾನ್ಮಾರ್ ದೇಶದ, ಅಂದರೆ ಹಳಬರ ಬಾಯಲ್ಲಿನ ಬರ್ಮಾದ, ಶಾನ್ ರಾಜ್ಯದಲ್ಲಿ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿ ಈ ಸರೋವರವಿದೆ. ಪೂರ್ವಕ್ಕೂ ಪಶ್ಚಿಮಕ್ಕೂ ಬೆಟ್ಟದ ಸಾಲು, ನಡುವಿನ ಕಣಿವೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಉದ್ದನೆಯ ನೀರು. ಆ ದೇಶದ ಸಿಹಿನೀರಿನ ಸರೋವರಗಳಲ್ಲಿ ಇದು ಎರಡನೆಯದು. ಮೊದಲ ಸ್ಥಾನ ಉತ್ತರದ ಕಚಿನ್ ರಾಜ್ಯದ ಇಂಡೋಜಿಯದು. ಹರವು ನೋಡಿ ಆಳವೂ ಅಷ್ಟೇ ಇರಬೇಕೆಂದು ಭಾವಿಸಿದರೆ ತಪ್ಪು. ಬೇಸಿಗೆಯಲ್ಲಿ ಸರಾಸರಿ ಆಳ ಏಳು ಅಡಿ. ಅತಿ ಆಳವಾದ ಕಡೆಯೂ ಹನ್ನೆರಡು ಅಡಿ ಮಾತ್ರ. ಮಳೆಗಾಲದಲ್ಲಿ ಇನ್ನೊಂದು ಐದು ಅಡಿ ಏರುತ್ತದೆ. ಅನೇಕ ಕಡೆ ಬಿದಿರಿನ ಗಳ ಇಳಿಸಿದರೆ ತಳ ಸಿಗುತ್ತದೆ. ಈ ಆಳವಿಲ್ಲದ ನೀರೇ ಇಲ್ಲಿನ ಮನೆ, ತೋಟ, ಬೇಟೆ, ನಡಿಗೆ ಎಲ್ಲಕ್ಕೂ ಮೂಲ ಕಾರಣ. ಸರೋವರಕ್ಕೆ ಈಗ ಬಂದಿರುವ ಕುತ್ತಿಗೂ ಅದೇ ಕಾರಣ.

ಕಾಲುವೆ ದಾಟಿದೊಡನೆ ಪ್ರವಾಸಿಯ ಎದುರಿಗೆ ಬರುವವನು ಮೀನುಗಾರ. ಚಪ್ಪಟೆ ದೋಣಿಯ ತುದಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ಹುಟ್ಟಿಗೆ ಸುತ್ತಿ, ಆಳೆತ್ತರದ ಬಿದಿರಿನ ಶಂಕುವಿನಾಕಾರದ ಬುಟ್ಟಿಯನ್ನು ಎತ್ತಿ ಹಿಡಿದಿರುತ್ತಾನೆ. ಸೂರ್ಯ ಅವನ ಹಿಂದೆ ಇರುತ್ತಾನೆ. ಮ್ಯಾನ್ಮಾರ್ ಬಗ್ಗೆ ಯಾವ ಪುಸ್ತಕದ ಹೊದಿಕೆ ನೋಡಿದರೂ ಇದೇ ಚಿತ್ರ. ಕ್ಯಾಮೆರಾಗಳು ಕ್ಲಿಕ್ಕಿಸಿದ ಮೇಲೆ ಅವನು ಮೆಲ್ಲನೆ ದೋಣಿ ಹತ್ತಿರ ತಂದು ಕೈ ಚಾಚುತ್ತಾನೆ. ಆಗ ಪ್ರವಾಸಿಗೆ ಸ್ವಲ್ಪ ಪೆಚ್ಚೆನಿಸುತ್ತದೆ. ನಿಜವಾಗಿ ಮೀನು ಹಿಡಿಯುವವರು ಒಂದಷ್ಟು ದೂರದಲ್ಲಿ ನೈಲಾನ್ ಬಲೆ ಬಿಡುತ್ತ, ಹುಟ್ಟಿನಿಂದ ನೀರಿಗೆ ಪಟ್ಟೆಂದು ಬಡಿದು ಮೀನನ್ನು ಬಲೆಯ ಕಡೆಗೆ ಬೆದರಿಸುತ್ತ ಇರುತ್ತಾರೆ. ಅವರ ಬಳಿ ಬುಟ್ಟಿ ಇಲ್ಲ. ಫೋಟೋಗೆ ನಿಲ್ಲಲು ಪುರುಸೊತ್ತೂ ಇಲ್ಲ.

ಆದರೆ ಬುಟ್ಟಿ ಸುಳ್ಳಲ್ಲ. ನೀರು ತಿಳಿಯಾಗಿದ್ದ ಕಾಲದಲ್ಲಿ ಮೀನುಗಾರ ತಳದಿಂದ ಏಳುವ ಗುಳ್ಳೆ, ಕದಲುವ ಕಳೆ ನೋಡಿ ಮೀನಿನ ಜಾಗ ಗುರುತಿಸುತ್ತಿದ್ದ. ಒಳಗೆ ಬಲೆ ಕಟ್ಟಿದ ಬುಟ್ಟಿಯನ್ನು ಅದರ ಮೇಲೆ ಕವುಚಿ, ಕಾಲಿನಿಂದ ತುಳಿದು ತಳದ ಕೆಸರಿಗೆ ಊರಿಸುತ್ತಿದ್ದ. ಮೇಲಿನ ತೂತಿನಿಂದ ಕೋಲು ತೂರಿಸಿ ಕೆದಕಿದರೆ ಬೆದರಿದ ಮೀನು ಬಲೆಗೆ ಸಿಕ್ಕಿಕೊಳ್ಳುತ್ತಿತ್ತು. ಏಳೆಂಟು ಅಡಿ ಆಳದ, ತಳ ಕಾಣುವ ನೀರಿಗೆ ಹೇಳಿ ಮಾಡಿಸಿದಂಥ ಉಪಾಯವದು. ತಳವೇ ಕಾಣದಂತೆ ನೀರು ಕದಡಿದರೆ ಆ ಬುಟ್ಟಿಯಿಂದ ಪ್ರಯೋಜನವಿಲ್ಲ.

ಕಾಲಲ್ಲಿ ಹುಟ್ಟು ಹಾಕುವುದಕ್ಕೂ ಹೀಗೇ ಕಾರಣವಿದೆ. ಸರೋವರದ ಬಹುಭಾಗ ಜೊಂಡು, ತೇಲುವ ಕಳೆ. ಕುಳಿತು ಹುಟ್ಟು ಹಾಕುವವನಿಗೆ ಎದುರಿನ ಹಸಿರು ಗೋಡೆಯಾಚೆ ಏನೂ ಕಾಣದು. ನಿಂತರೆ ದಾರಿ ಕಾಣುತ್ತದೆ, ಆದರೆ ನಿಂತು ಎರಡೂ ಕೈಯಲ್ಲಿ ಹುಟ್ಟು ಹಿಡಿದರೆ ಬಲೆ ಎಳೆಯುವವರು ಯಾರು? ಅದಕ್ಕೇ ಕಾಲು ಕೈಯ ಕೆಲಸ ಕಲಿತಿತು. ಹುಟ್ಟಿನ ಮೇಲ್ತುದಿಯನ್ನು ತೋಳಿನ ಸಂದಿನಲ್ಲಿ ಆನಿಸಿ, ಕೆಳಭಾಗಕ್ಕೆ ಕಾಲು ಸುತ್ತಿ ಹಿಂದಕ್ಕೆ ತಳ್ಳಿದರೆ ದೋಣಿ ಮುಂದಕ್ಕೆ ಜಾರುತ್ತದೆ. ಹುಡುಗರು ಚಿಕ್ಕಂದಿನಲ್ಲೇ ಇದನ್ನು ಕಲಿಯುತ್ತಾರೆ. ಹೆಣ್ಣುಮಕ್ಕಳು ಮಾತ್ರ ದೋಣಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಕೈಯಿಂದಲೇ ಹುಟ್ಟು ಹಾಕುವುದು ರೂಢಿ. ಪುಸ್ತಕದ ಹೊದಿಕೆಗಳಲ್ಲಿ ಅವರು ಕಾಣಿಸಿಕೊಳ್ಳುವುದು ಅಪರೂಪ. ಸಂತೆಗೆ ಸರಕು ಸಾಗಿಸುವ ದೋಣಿಗಳಲ್ಲಿ ಹೆಚ್ಚಾಗಿ ಕಾಣುವವರು ಅವರೇ.

ಈ ಜನರನ್ನು ಇನ್‌ಥಾ ಎನ್ನುತ್ತಾರೆ. ಒತ್ತಿ ಬರೆದರೆ ನಮ್ಮ 'ಇಂಥಾ' ಆಗಿಬಿಡುತ್ತದೆ, ಅದಕ್ಕೇ ಈ ಬಿಡಿ ಬರಹ. 'ಇನ್' ಎಂದರೆ ಕೆರೆ, 'ಥಾ' ಎಂದರೆ ಮಗ. ಕೆರೆಯ ಮಕ್ಕಳು! ವಿಚಿತ್ರವೆಂದರೆ ಈ ಕೆರೆಯ ಮಕ್ಕಳ ಮೂಲ ಕೆರೆಯಲ್ಲ, ಕಡಲು. ದೂರದ ದಕ್ಷಿಣದ ಕರಾವಳಿಯ ದವೈ ಊರಿನಿಂದ ತಮ್ಮ ಹಿರಿಯರು ಬಂದರೆಂದು ಅವರು ಹೇಳಿಕೊಳ್ಳುತ್ತಾರೆ. ಇಬ್ಬರು ಅಣ್ಣತಮ್ಮಂದಿರು ಶಾನ್ ದೊರೆಯ ಚಾಕರಿಗೆ ಬಂದು, ತಮ್ಮ ಕಡೆಯ ಮನೆತನಗಳನ್ನು ಕರೆಸಿಕೊಂಡರೆಂಬುದು ಒಂದು ಕಥೆ. ಸುತ್ತಲಿನ ನೆಲವೆಲ್ಲ ಆಗಲೇ ಶಾನರ ಕೈಯಲ್ಲಿದ್ದುದರಿಂದ ಬಂದವರಿಗೆ ಉಳಿದದ್ದು ನೀರೊಂದೇ ಎಂದು ಕಥೆ ಮುಂದುವರಿಯುತ್ತದೆ.

ಇದು ಬರೀ ಅಜ್ಜಿಕಥೆ ಎಂದು ತಳ್ಳಿಹಾಕುವಂತಿಲ್ಲ. ಭಾಷಾಶಾಸ್ತ್ರಜ್ಞರ ಬಳಿ ಒಂದು ಸಾಕ್ಷಿ ಇದೆ. ಪಗಾನ್ ಕಾಲದ ಬರ್ಮೀ ಶಾಸನಗಳಲ್ಲಿ ಒತ್ತಕ್ಷರವಾಗಿ ಬರುತ್ತಿದ್ದ 'ಲ' ಧ್ವನಿ ಇಂದಿನ ಬರ್ಮೀ ಭಾಷೆಯಲ್ಲಿ 'ಯ' ಆಗಿಹೋಗಿದೆ. ಹಳಗನ್ನಡದ ಱ, ೞ ಅಕ್ಷರಗಳು ನಮ್ಮ ಬಾಯಿಂದ ಜಾರಿಹೋದ ಹಾಗೆ. ಆದರೆ ದವೈ ಜನರ ಮಾತಿನಲ್ಲಿ ಆ 'ಲ' ಉಳಿದಿದೆ. ನೂರಾರು ಮೈಲಿ ದೂರದ ಇನ್ಲೆಯ ಇನ್‌ಥಾ ಜನರ ಮಾತಿನಲ್ಲೂ ಉಳಿದಿದೆ. ಸುತ್ತ ಶಾನ್ ಮಾತನಾಡುವ ಬೆಟ್ಟಗಳ ನಡುವೆ ಬರ್ಮೀ ಭಾಷೆಯ ಹಳೆಯ ರೂಪವೊಂದು ನೀರಿನ ಮೇಲೆ ಬದುಕಿಕೊಂಡಿದೆ.

ಮಂಜು ಕರಗುವ ಹೊತ್ತಿಗೆ ದೋಣಿ ಊರು ಹೊಕ್ಕಿರುತ್ತದೆ. ಊರು ಎಂದರೆ ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ಸಾಲು ಮನೆಗಳು. ಅನುಕೂಲಸ್ಥರದು ತೇಗದ ಕಂಬ, ಹಲಗೆಯ ಗೋಡೆ, ತಗಡಿನ ಸೂರು. ಬಡವರದು ಬಿದಿರಿನ ತಟ್ಟಿ. ಓಣಿಯ ಬದಲು ಕಾಲುವೆ, ಅಂಗಳದ ಬದಲು ಕೆಳಗಿನ ಮೆಟ್ಟಿಲಿಗೆ ಕಟ್ಟಿದ ದೋಣಿ. ಆ ಮೆಟ್ಟಿಲ ಮೇಲೆ ಕುಳಿತೇ ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಮಗುವಿಗೆ ಮೀಯಿಸುವುದು. ಶಾಲೆಗೆ ಹೋಗುವ ಮಕ್ಕಳು ದೋಣಿಯಲ್ಲಿ ಹೋಗುತ್ತಾರೆ, ಎದುರು ಮನೆಗೆ ಬೆಂಕಿಪೊಟ್ಟಣ ಕೇಳಲು ಹೋಗುವವರೂ ದೋಣಿಯಲ್ಲೇ ಹೋಗಬೇಕು. ಪ್ರವಾಸಿಗೆ ಇದೆಲ್ಲ ವೆನಿಸ್‌ನಂತೆ ಕಾಣಬಹುದು. ಒಂದನ್ನು ಮಾತ್ರ ಪ್ರವಾಸಿ ಪುಸ್ತಕಗಳು ಬರೆಯುವುದಿಲ್ಲ: ಮನೆಯ ಕಕ್ಕಸೂ ಅದೇ ನೀರಿನ ಮೇಲೆಯೇ. ಪ್ರತಿ ಮನೆಯ ಮೋರಿಯೂ ಕೆರೆ, ಬಚ್ಚಲೂ ಕೆರೆ. ಹತ್ತಾರು ಮನೆಗಳಿದ್ದಾಗ ಕೆರೆ ಅದನ್ನು ಅರಗಿಸಿಕೊಳ್ಳುತ್ತಿತ್ತು.

ಸರೋವರದ ಪೂರ್ವ ದಡದ ಮೈಂಗ್‌ಥೌಕ್ ಎಂಬ ಊರು ಅರ್ಧ ನೆಲದ ಮೇಲೆ, ಅರ್ಧ ನೀರಿನ ಮೇಲೆ. ಎರಡೂ ಅರ್ಧಗಳನ್ನು ಉದ್ದನೆಯ ಮರದ ಸೇತುವೆ ಜೋಡಿಸುತ್ತದೆ. ಬ್ರಿಟಿಷರು ಶಾನ್ ಸೀಮೆಯನ್ನು ಹತೋಟಿಗೆ ತೆಗೆದುಕೊಂಡಾಗ ಫೋರ್ಟ್ ಸ್ಟೆಡ್‌ಮನ್ ಎಂಬ ಠಾಣ್ಯ ಹೂಡಿದ್ದು ಈ ಮೈಂಗ್‌ಥೌಕ್‌ನಲ್ಲೇ.

ಬ್ರಿಟಿಷರ ಮಾತು ಬಂದಾಗ ಭಾರತದ ಒಂದು ನಂಟನ್ನು ಹೇಳಲೇಬೇಕು. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. 1916ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರು ನೆಲ್ಸನ್ ಅನ್ನಂಡೇಲ್. ಈ ಸರೋವರದ ಮೀನುಗಳನ್ನು ಅವರು ಕೂಲಂಕಷವಾಗಿ ಪರಿಶೀಲಿಸಿ 1918ರಲ್ಲಿ ವರದಿ ಪ್ರಕಟಿಸಿದರು. ಜಗತ್ತಿನ ಬೇರೆಲ್ಲೂ ಇಲ್ಲದ ಹಲವು ಪುಟ್ಟ ಮೀನುಗಳು ಅವರ ಕಣ್ಣಿಗೆ ಬಿದ್ದವು. ಹುರುಪೆಯಿಲ್ಲದ, ನೀಲಿಬೆಳ್ಳಿ ಮೈಯ, ಕೆಂಪು ಮೂತಿಯ ಒಂದು ಮೀನಿಗೆ 'ಸಾಬ್ವಾ' ಎಂಬ ಹೆಸರು ಬಿತ್ತು. ಸಾಬ್ವಾ ಎಂದರೆ ಶಾನ್ ದೊರೆಯ ಬಿರುದು. ಹಾವುಮೀನಿನಂಥ ಇನ್ನೊಂದು ಪುಟ್ಟ ಜೀವಿಗೆ ಬನವಾರಿ ಲಾಲ್ ಚೌಧುರಿ ಎಂಬ ಭಾರತೀಯ ಮೀನು ತಜ್ಞರ ಗೌರವಾರ್ಥ 'ಚೌಧುರಿಯಾ' ಎಂದು ಹೆಸರಿಟ್ಟರು. ಸಾಬ್ವಾ ಮೀನು ಇಂದು ಎಲ್ಲೆಲ್ಲಿಯೋ ಮನೆಗಳ ಗಾಜಿನ ತೊಟ್ಟಿಯಲ್ಲಿ ಈಜುತ್ತಿದೆ.

ಮೀನಿಗೆ ಹೆಸರು ಕೊಟ್ಟ ದೊರೆತನ ಈಗಿಲ್ಲ. ನ್ಯಾಂಗ್‌ಶ್ವೆಯ ಕೊನೆಯ ಸಾಬ್ವಾ ಸಾವ್ ಶ್ವೆ ಥೈಕ್ 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಧ್ಯಕ್ಷರಾದರು. 1962ರಲ್ಲಿ ಸೇನೆ ಅಧಿಕಾರ ಹಿಡಿದಾಗ ಬಂಧಿತರಾಗಿ ಅದೇ ವರ್ಷ ಸೆರೆಯಲ್ಲೇ ತೀರಿಕೊಂಡರು. ಪಟ್ಟಣದಲ್ಲಿನ ಅವರ ತೇಗದ ಅರಮನೆ ಮುಂದೆ ವಸ್ತುಸಂಗ್ರಹಾಲಯವಾಯಿತು. ದೋಣಿ ಹಿಡಿಯುವ ಆತುರದಲ್ಲಿ ಅತ್ತ ಹೋಗುವ ಪ್ರವಾಸಿಗಳು ಕಡಿಮೆ.

ಹಗಲು ಏರಿದಂತೆ ದೋಣಿ ಸಂತೆಗೆ ತಿರುಗುತ್ತದೆ. ಇಲ್ಲಿನ ಸಂತೆಗೆ ಏಳು ದಿನದ ವಾರವಿಲ್ಲ, ಐದು ದಿನದ ಸರದಿ. ಇಂದು ಇಂದೇನ್, ನಾಳೆ ನಂಪನ್, ಮತ್ತೊಂದು ದಿನ ಮೈಂಗ್‌ಥೌಕ್ ಎಂದು ಊರೂರು ಸುತ್ತಿ ಐದನೆಯ ದಿನದ ಮೇಲೆ ಮೊದಲಿನ ಜಾಗಕ್ಕೆ ಬರುತ್ತದೆ. ಬೆಟ್ಟದ ಪಾ-ಓ ಹೆಂಗಸರು ಕಪ್ಪು ನಿಲುವಂಗಿ ತೊಟ್ಟು, ತಲೆಗೆ ಢಾಳು ಬಣ್ಣದ ರುಮಾಲು ಸುತ್ತಿ, ಬೆನ್ನ ಬುಟ್ಟಿಯಲ್ಲಿ ಸೌದೆ, ಎಲೆ, ಬೆಳ್ಳುಳ್ಳಿ ಹೊತ್ತು ಇಳಿದು ಬರುತ್ತಾರೆ. ನೀರಿನ ಜನ ಮೀನು, ಟೊಮೆಟೊ ತರುತ್ತಾರೆ. ಬೆಟ್ಟಕ್ಕೆ ಮೀನಿಲ್ಲ, ನೀರಿಗೆ ಸೌದೆಯಿಲ್ಲ. ಸಂತೆ ನಡೆಯಲು ಇಷ್ಟು ಸಾಕು. ನಮ್ಮವರ ನಾಲಿಗೆಗೆ ಪರಿಚಿತವಾದದ್ದೂ ಅಲ್ಲಿ ಸಿಗುತ್ತದೆ: ಕಡಲೆಹಿಟ್ಟನ್ನು ಕಾಯಿಸಿ ಗಟ್ಟಿ ಮಾಡಿ ಕತ್ತರಿಸಿದ ಶಾನ್ ತೋಫು. ಸೋಯಾದ ತೋಫು ತಿಂದವರಿಗೆ ಆಶ್ಚರ್ಯ, ಕನ್ನಡಿಗರಿಗೆ ಬಹುಶಃ ಖಾರ ಕಡಿಮೆಯಾದ ಜುಣಕದ ವಡೆ.

ಯ್ವಾಮ ಎಂಬ ಊರಿನಲ್ಲಿ ದೋಣಿಯಿಂದ ದೋಣಿಗೇ ವ್ಯಾಪಾರ ನಡೆಯುತ್ತಿದ್ದ ಸಂತೆಯೊಂದಿತ್ತು. ಅದರ ಕೀರ್ತಿ ಹಬ್ಬಿ ಪ್ರವಾಸಿಗಳ ದೋಣಿಗಳು ನುಗ್ಗಿದವು. ತರಕಾರಿ ದೋಣಿಗಳಿಗೆ ಜಾಗವೇ ಇಲ್ಲದಾಗಿ, ನೋಡಬೇಕೆಂದು ಬಂದದ್ದೇ ಇಲ್ಲವಾಗಿ, ಗೊಂಬೆ ಮಣಿಸರ ಮಾರುವ ದೋಣಿಗಳು ಉಳಿದವು.

ಇಂಥ ಮಾರ್ಪಾಟು ಇನ್ನೂ ಕೆಲವು ಕಡೆ ಕಾಣುತ್ತದೆ. 19ನೇ ಶತಮಾನದ ನ್ಗಾ ಫೆ ಚಾಂಗ್ ಬೌದ್ಧ ವಿಹಾರ ನೀರಿನ ಮೇಲೆ ದಪ್ಪ ತೇಗದ ಕಂಬಗಳಲ್ಲಿ ನಿಂತ ಸೊಗಸಾದ ಮರಗೆಲಸದ ಕಟ್ಟಡ. ಒಳಗೆ ಹಳೆಯ ಬುದ್ಧವಿಗ್ರಹಗಳು, ಕೆತ್ತನೆಯ ಪೀಠಗಳು. ಬಿಡುವಿನಲ್ಲಿ ಭಿಕ್ಷುಗಳು ಬೆಕ್ಕುಗಳಿಗೆ ಬಳೆಯೊಳಗಿಂದ ಹಾರಲು ಕಲಿಸಿದ್ದರು. ಅಷ್ಟು ಸಾಕಾಯಿತು. ವಿಹಾರದ ಹೆಸರು ಮರೆತು 'ಹಾರುವ ಬೆಕ್ಕಿನ ಮಠ' ಎಂದೇ ಅದು ಪ್ರಸಿದ್ಧವಾಯಿತು. ಬೆಕ್ಕಾಟ ಈಗ ನಿಂತಿದೆ, ಹೆಸರು ನಿಂತಿಲ್ಲ. ಬೆಕ್ಕಿನದಾದರೂ ವಿನೋದ. ದಕ್ಷಿಣದ ಕಯಾ ರಾಜ್ಯದ, ಕೊರಳಿಗೆ ಹಿತ್ತಾಳೆಯ ಸುರುಳಿ ತೊಡುವ ಪಡೌಂಗ್ ಹೆಂಗಸರನ್ನು ಕರೆತಂದು ಅಂಗಡಿಯ ಮುಂದೆ ಕೂರಿಸಿ ಗಿರಾಕಿ ಸೆಳೆಯುವುದನ್ನು ವಿನೋದವೆನ್ನಲಾಗದು.

ನೇಕಾರರ ಇನ್‌ಪಾಕೋನ್ ಊರಿನಲ್ಲಿ ಮಾತ್ರ ದೋಣಿ ನಿಲ್ಲಿಸಿದ್ದು ಸಾರ್ಥಕವೆನಿಸುತ್ತದೆ. ಮನೆಯ ತುಂಬ ಮಗ್ಗದ ಸದ್ದು. ಕೆಳಗೆ ನೀರು, ಮೇಲೆ ರೇಷ್ಮೆ. ಇಲ್ಲಿನ ವಿಶೇಷ ತಾವರೆ ದಂಟಿನ ನೂಲು. ದಂಟನ್ನು ಸುತ್ತ ಸ್ವಲ್ಪ ಕೊಯ್ದು ಮುರಿದು ಮೆಲ್ಲಗೆ ಎಳೆದರೆ ಒಳಗಿಂದ ಜೇಡನ ಎಳೆಯಷ್ಟು ತೆಳುವಾದ ನಾರು ಹೊರಬರುತ್ತದೆ. ನಾಲ್ಕೈದು ದಂಟಿನ ಎಳೆಗಳನ್ನು ಒದ್ದೆ ಮಾಡಿದ ಹಲಗೆಯ ಮೇಲೆ ಅಂಗೈಯಿಂದ ಹೊಸೆದು, ತುದಿಗೆ ತುದಿ ಸೇರಿಸುತ್ತ ಹೋಗಬೇಕು. ಒಂದು ಚೌಕಕ್ಕೇ ಸಾವಿರಾರು ದಂಟು ಬೇಕು. ಮೊದಲು ಇದು ವ್ಯಾಪಾರದ ಸರಕಾಗಿರಲಿಲ್ಲ. ಭಿಕ್ಷುಗಳಿಗೂ ಬುದ್ಧವಿಗ್ರಹಕ್ಕೂ ಅರ್ಪಿಸುವ ಚೀವರಕ್ಕೆಂದು ನೇಯುತ್ತಿದ್ದರು. ಕೆಸರಿನಲ್ಲಿ ಹುಟ್ಟಿ ಕೆಸರು ಅಂಟಿಸಿಕೊಳ್ಳದ ಹೂವಿನ ದಂಟು ಸನ್ಯಾಸಿಯ ವಸ್ತ್ರವಾಗುವುದರ ಅರ್ಥ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಸರೋವರದ ಮುಖ್ಯ ದೇಗುಲ ಫೌಂಗ್ ಡಾ ಊ. ಒಳಗೆ ಐದು ಪುಟ್ಟ ಬುದ್ಧವಿಗ್ರಹಗಳು. 12ನೇ ಶತಮಾನದ ದೊರೆ ಅಲೌಂಗ್‌ಸಿಥು ಕಾಲದವೆಂದು ನಂಬಿಕೆ. ವಿಗ್ರಹಗಳೆಂದು ಹೇಳಿದರೆ ಮಾತ್ರ ತಿಳಿಯಬೇಕು. ಶತಮಾನಗಳಿಂದ ಭಕ್ತರು ಚಿನ್ನದ ರೇಕು ಅಂಟಿಸುತ್ತ ಬಂದು ಮುಖ, ಕೈಕಾಲು ಮುಚ್ಚಿಹೋಗಿ ಈಗ ಉಳಿದಿರುವುದು ಐದು ಚಿನ್ನದ ಉಂಡೆಗಳು. ಭಕ್ತಿ ಹೆಚ್ಚಾದಂತೆ ದೇವರ ಆಕಾರವೇ ಕಾಣದಾಗುವ ಈ ದೃಶ್ಯ ವಿಚಿತ್ರವಾದದ್ದು. ರೇಕು ಅಂಟಿಸುವ ಹಕ್ಕು ಗಂಡಸರಿಗೆ ಮಾತ್ರ. ಹೆಂಗಸರು ದೂರ ಕುಳಿತು ಕೈಮುಗಿಯಬೇಕು. ಆ ಚೀವರದ ನೂಲು ಹೊಸೆದ ಕೈಗಳೂ ಸೇರಿ.

ಮಳೆ ಕಳೆದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ, ಹದಿನೆಂಟು ದಿನಗಳ ಜಾತ್ರೆ. ಹಂಸದಂಥ ಕರವೇಕ್ ಪಕ್ಷಿಯ ಆಕಾರದ ಚಿನ್ನದ ಬಣ್ಣದ ನಾವೆಯಲ್ಲಿ ವಿಗ್ರಹಗಳನ್ನಿಟ್ಟು ಊರಿಂದೂರಿಗೆ ಕರೆದೊಯ್ಯುತ್ತಾರೆ. ನಮ್ಮ ತೇರಿಗೆ ಹಗ್ಗವಿದ್ದಂತೆ ಈ ನಾವೆಯ ಮುಂದೆ ಉದ್ದನೆಯ ದೋಣಿಗಳ ಸಾಲು. ಒಂದೊಂದರಲ್ಲಿ ಹತ್ತಾರು ಮಂದಿ ಒಟ್ಟಿಗೆ ಕಾಲಲ್ಲಿ ಹುಟ್ಟು ಹಾಕುತ್ತ ನಾವೆಯನ್ನು ಎಳೆಯುತ್ತಾರೆ. ಐದರಲ್ಲಿ ನಾಲ್ಕು ವಿಗ್ರಹಗಳು ಮಾತ್ರ ಹೊರಡುತ್ತವೆ. 1965ರಲ್ಲಿ ಬಿರುಗಾಳಿಗೆ ನಾವೆ ಮಗುಚಿ ವಿಗ್ರಹಗಳು ನೀರಿಗೆ ಬಿದ್ದವು. ನಾಲ್ಕು ಸಿಕ್ಕವು, ಐದನೆಯದಕ್ಕೆ ಎಷ್ಟು ಹುಡುಕಿದರೂ ಸಿಗಲಿಲ್ಲ. ನಿರಾಶರಾಗಿ ದೇಗುಲಕ್ಕೆ ಮರಳಿದರೆ ಅದು ಮೈತುಂಬ ಪಾಚಿ ಅಂಟಿಸಿಕೊಂಡು ಪೀಠದ ಮೇಲೆ ಕುಳಿತಿತ್ತು ಎಂದು ಹೇಳುತ್ತಾರೆ. ಅಂದಿನಿಂದ ಅದು ಮನೆ ಕಾಯುವ ದೇವರು.

ಮಧ್ಯಾಹ್ನದ ಮೇಲೆ ದೋಣಿ ಎಂಜಿನ್ನಿನ ಸದ್ದು ತಗ್ಗಿಸಿ ತೋಟಗಳ ನಡುವೆ ನುಸುಳುತ್ತದೆ. ಎಡಬಲದಲ್ಲಿ ನೇರ ಗೆರೆ ಎಳೆದಂತೆ ಟೊಮೆಟೊ ಸಾಲು, ಕೆಲವೆಡೆ ಅವರೆಯ ಬಳ್ಳಿ, ಸೋರೆ, ಹೂವು. ದೋಣಿಯಿಂದ ಎದ್ದ ಅಲೆ ತಾಗಿದೊಡನೆ ತೋಟವೇ ಮೆಲ್ಲಗೆ ಉಸಿರಾಡಿದಂತೆ ಏರಿಳಿಯುತ್ತದೆ. ಆಗ ತಿಳಿಯುತ್ತದೆ, ಇದರಡಿ ನೆಲವಿಲ್ಲ.

ಈ ತೇಲುವ ತೋಟ ಮಾಡುವ ಬಗೆ ಹೀಗೆ. ಸರೋವರದ ಅಂಚಿನಲ್ಲಿ ಹುಲ್ಲು, ಜೊಂಡು, ನಮ್ಮ ಕೆರೆಗಳಲ್ಲಿ ಜನ ಅಂತರಗಂಗೆ ಎಂದು ಕರೆಯುವಂಥ ತೇಲುಕಳೆ ಎಲ್ಲ ಬೇರಿಗೆ ಬೇರು ಹೆಣೆದುಕೊಂಡು ವರ್ಷಗಟ್ಟಲೆ ಬೆಳೆದು ಚಾಪೆಯಂತೆ ಗಟ್ಟಿಯಾಗುತ್ತವೆ. ಅದನ್ನು ಉದ್ದನೆಯ ಪಟ್ಟಿಗಳಾಗಿ ಗರಗಸದಿಂದ ಕೊಯ್ದು ದೋಣಿಗೆ ಕಟ್ಟಿ ಎಳೆದು ತರುತ್ತಾರೆ. ಹೌದು, ಇಲ್ಲಿ ಹೊಲವನ್ನು ಕೊಂಡು ಮನೆಗೆ ಎಳೆದುಕೊಂಡು ಹೋಗಬಹುದು! ಬೇಕಾದ ಕಡೆ ನಿಲ್ಲಿಸಿ, ಬಿದಿರಿನ ಗಳಗಳನ್ನು ಪಟ್ಟಿಯ ಮೂಲಕ ಕೆರೆಯ ತಳಕ್ಕೆ ಚುಚ್ಚುತ್ತಾರೆ. ಹೀಗೆ ಗೂಟ ಹೊಡೆದ ಹೊಲ ಅತ್ತಿತ್ತ ಹೋಗದು, ಆದರೆ ನೀರು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಸಾಧಾರಣ ಮಳೆಗಾಲದಲ್ಲಿ ಬೆಳೆ ಮುಳುಗುವ ಭಯವಿಲ್ಲ, ನೀರು ಹಾಯಿಸುವ ತಾಪತ್ರಯ ಎಂದೂ ಇಲ್ಲ. ಗೊಬ್ಬರಕ್ಕೆ ಕೆರೆಯ ತಳದ ಕಳೆಯೂ ಕೆಸರೂ ಇವೆ. ಉದ್ದನೆಯ ಗಳದಿಂದ ಕಳೆಯನ್ನು ಸುತ್ತಿ ಮೇಲೆಳೆದು ದೋಣಿ ತುಂಬಿಸಿ ಪಟ್ಟಿಯ ಮೇಲೆ ಹರವುತ್ತಾರೆ. ನಾಟಿ, ಕೊಯ್ಲು ಎಲ್ಲ ಸಾಲುಗಳ ನಡುವೆ ದೋಣಿಯಲ್ಲಿ ಕುಳಿತೇ. ಕಾಶ್ಮೀರದ ದಾಲ್ ಸರೋವರದಲ್ಲೂ ಇಂಥ ತೇಲುತೋಟಗಳಿವೆ.

ನೆಲ ಸಿಗದವರು ನೆಲವನ್ನೇ ಹೆಣೆದುಕೊಂಡದ್ದು ಮನುಷ್ಯನ ಜಾಣತನಕ್ಕೆ ದೊಡ್ಡ ನಿದರ್ಶನ. ಮನೆಯ ಪಕ್ಕದಲ್ಲಿ ನಾಲ್ಕು ಪಟ್ಟಿ ಇದ್ದಷ್ಟು ದಿನ ಕೆರೆಗೂ ತೊಂದರೆಯಿರಲಿಲ್ಲ. ಆದರೆ 1960ರ ದಶಕದಿಂದೀಚೆಗೆ ತೋಟಗಳು ಹಬ್ಬತೊಡಗಿದವು. ಯಾಂಗೂನ್, ಮಂಡಾಲೆಯ ಮಾರುಕಟ್ಟೆಗಳಿಗೆ ಇನ್ಲೆಯ ಟೊಮೆಟೊ ಲಾರಿಗಟ್ಟಲೆ ಹೋಗತೊಡಗಿತು. ಟೊಮೆಟೊ ಬೆನ್ನಿಗೆ ರಸಗೊಬ್ಬರ ಬಂತು, ಕೀಟನಾಶಕ ಬಂತು. ನೆಲದ ಹೊಲದಲ್ಲಿ ಹೊಡೆದ ಔಷಧಿ ಮಣ್ಣಿನಲ್ಲಿ ಒಂದಿಷ್ಟಾದರೂ ತಡೆಯುತ್ತದೆ. ಇಲ್ಲಿ ಎಲೆಯಿಂದ ಜಾರಿದ ಹನಿ ನೇರ ನೀರಿಗೆ, ಮೀನಿನ ಬಾಯಿಗೆ, ಮೆಟ್ಟಿಲ ಮೇಲೆ ಪಾತ್ರೆ ತೊಳೆಯುವವಳ ಕೈಗೆ.

ಇನ್ನೂ ದೊಡ್ಡ ನಷ್ಟ ಕಣ್ಣಿಗೆ ಕಾಣುವಂಥದ್ದು. ಪಟ್ಟಿಯ ಮೇಲೆ ವರ್ಷ ವರ್ಷ ಕಳೆ, ಕೆಸರು ಹೇರಿದಂತೆ ಅದು ಭಾರವಾಗಿ ಕುಸಿಯುತ್ತದೆ, ತಳ ಮುಟ್ಟುತ್ತದೆ. ಅಷ್ಟು ಕೆರೆ ಅಲ್ಲಿಗೆ ಮುಗಿಯಿತು. ತೋಟಗಾರ ಮುಂದೆ ನೀರಿರುವ ಕಡೆ ಹೊಸ ಪಟ್ಟಿ ತರುತ್ತಾನೆ. ಹಳೆಯ ನಕ್ಷೆಗಳನ್ನೂ ಉಪಗ್ರಹ ಚಿತ್ರಗಳನ್ನೂ ಹೋಲಿಸಿ 2007ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನದ ಪ್ರಕಾರ 1935ರಲ್ಲಿ 69.10 ಚದರ ಕಿಲೋಮೀಟರ್ ಇದ್ದ ತೆರೆದ ನೀರು 2000ದ ಹೊತ್ತಿಗೆ 46.69ಕ್ಕೆ ಇಳಿದಿತ್ತು. ಅರವತ್ತೈದು ವರ್ಷದಲ್ಲಿ ಮೂರನೆಯ ಒಂದು ಭಾಗ ನೀರು ಮಾಯ. ಆ ಅವಧಿಯ ಕೊನೆಯ ವರ್ಷಗಳ ನಷ್ಟದಲ್ಲಿ ನೂರಕ್ಕೆ ತೊಂಬತ್ತಮೂರು ಪಾಲು ತೇಲುವ ತೋಟಗಳಿಂದಲೇ ಆದದ್ದೆಂದು ಅದು ಲೆಕ್ಕ ಹಾಕಿತು. ಹಾಗೆಂದು ತಪ್ಪನ್ನೆಲ್ಲ ತೋಟಗಾರನ ತಲೆಗೆ ಕಟ್ಟುವುದೂ ಸರಿಯಲ್ಲ. ಸುತ್ತಲ ಬೆಟ್ಟಗಳ ಕಾಡು ಸೌದೆಗೂ ಬೇಸಾಯಕ್ಕೂ ಕಡಿದುಹೋಗಿ ಪ್ರತಿ ಮಳೆಗೂ ಹೂಳು ಇಳಿದು ಬರುತ್ತದೆ. 2011ರ ನಂತರ ದೇಶದ ಬಾಗಿಲು ತೆರೆದಾಗ ಪ್ರವಾಸಿಗಳು ಹಿಂಡು ಹಿಂಡಾಗಿ ಬಂದರು, ಹೋಟೆಲುಗಳು ಎದ್ದವು. ಎಂಜಿನ್ ದೋಣಿಗಳು ತಳದ ಕೆಸರು ಕದಡಿದವು. ಬುಟ್ಟಿಯ ಮೀನುಗಾರನ ಕೆಲಸ ಫೋಟೋಗೆ ನಿಲ್ಲುವುದಕ್ಕೆ ಇಳಿದದ್ದರಲ್ಲಿ ಫೋಟೋ ತೆಗೆಯಲು ಬಂದವರ ಪಾಲೂ ಇದೆ.

ಕೆರೆ ಬತ್ತಿದರೆ ಹೇಗಿರುತ್ತದೆಂಬುದು 2010ರ ಬೇಸಿಗೆಯಲ್ಲಿ ಗೊತ್ತಾಯಿತು. ಕಾಲುವೆಗಳಲ್ಲಿ ದೋಣಿ ಕೆಸರಿಗೆ ಸಿಕ್ಕಿಕೊಂಡವು. ಅದು ಇನ್ಲೆಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಸರೋವರದ ದಕ್ಷಿಣ ತುದಿಯಿಂದ ಹೊರಬೀಳುವ ಬಲು ಚಾಂಗ್ ಹೊಳೆ ಕಯಾ ರಾಜ್ಯಕ್ಕೆ ಹರಿದು ಲೋಪಿತಾದಲ್ಲಿ ವಿದ್ಯುತ್ತಾಗುತ್ತದೆ. ಎರಡನೇ ಮಹಾಯುದ್ಧದ ನಷ್ಟಪರಿಹಾರವಾಗಿ ಜಪಾನ್ ಕೊಟ್ಟ ಹಣದಲ್ಲಿ ಕಟ್ಟಿದ ಆ ವಿದ್ಯುದಾಗಾರ 1960ರಲ್ಲಿ ಚಾಲನೆಗೊಂಡು, ದೂರದ ಯಾಂಗೂನ್‌ಗೆ ದೀಪ ಹಚ್ಚಿತು.

ಸರ್ಕಾರ 1985ರಲ್ಲೇ ಇಲ್ಲಿ ವನ್ಯಜೀವಿಧಾಮ ಘೋಷಿಸಿತ್ತು. 2015ರಲ್ಲಿ ಯುನೆಸ್ಕೋ ಇದನ್ನು ಜೀವಗೋಲ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು. ಮ್ಯಾನ್ಮಾರ್‌ಗೆ ಅಂಥ ಮಾನ್ಯತೆ ಅದೇ ಮೊದಲು. ಚಳಿಗಾಲದಲ್ಲಿ ದೋಣಿಗಳ ಬೆನ್ನು ಹತ್ತುವ ಕಂದುತಲೆಯ ಕಡಲಕ್ಕಿಗಳಿಗೆ ಇದರಿಂದ ಸ್ವಲ್ಪ ಅನುಕೂಲವಾಗಿರಬಹುದು. ತೋಟಕ್ಕೆ ಗಡಿ ಹಾಕುವ ಕೆಲಸ ಅಷ್ಟು ಸುಲಭದ್ದಲ್ಲ. ನಾಲ್ಕು ಪಟ್ಟಿ ಟೊಮೆಟೊ ಬಿಟ್ಟರೆ ಬೇರೆ ಆಸ್ತಿಯಿಲ್ಲದವನಿಗೆ ಅದನ್ನು ಬಿಡು ಎನ್ನುವವರು ಬದಲಿಗೆ ಏನು ಕೊಡುತ್ತಾರೆಂದೂ ಹೇಳಬೇಕಾಗುತ್ತದೆ.

ಆಮೇಲೆ ಒಂದರ ಹಿಂದೊಂದು ಪೆಟ್ಟು. 2020ರಲ್ಲಿ ಕೋವಿಡ್ ಬಂದು ಪ್ರವಾಸಿಗಳು ನಿಂತರು. 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡು ದೇಶ ಅಂತರ್ಯುದ್ಧಕ್ಕೆ ಬಿದ್ದಿತು. ಇನ್ಲೆಯ ನೀರು ಹರಿದು ಹೋಗುವ ಕಯಾ ರಾಜ್ಯವೇ ರಣರಂಗವಾಯಿತು. ಹೊಟ್ಟೆಪಾಡಿಗೆ ಪ್ರವಾಸಿ ದೋಣಿ ನೆಚ್ಚಿದ್ದವರು ಮತ್ತೆ ಬಲೆಗೆ, ಟೊಮೆಟೊಗೆ ಮರಳಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತದ ಮಳೆಗೆ ಬೆಟ್ಟದ ನೀರೆಲ್ಲ ಇಳಿದು ಬಂದು, ನೀರಿನ ಮೇಲೆ ಬದುಕಲೆಂದೇ ಕಟ್ಟಿದ ಮನೆಗಳೂ ಮುಳುಗಿದವು.

ಎಲ್ಲಕ್ಕಿಂತ ಕೆಟ್ಟದ್ದು 2025ರ ಮಾರ್ಚ್ 28ರ ಮಧ್ಯಾಹ್ನ. ಸಗಾಯಿಂಗ್-ಮಂಡಾಲೆ ಕಡೆ ಕೇಂದ್ರವಿದ್ದ 7.7 ಪ್ರಮಾಣದ ಭೂಕಂಪ ಇಷ್ಟು ದೂರವೂ ಮುಟ್ಟಿತು. ಗಟ್ಟಿ ನೆಲಕ್ಕಿಂತ ನೀರು ಕುಡಿದ ಮೆತ್ತನೆಯ ಕೆಸರು ಹೆಚ್ಚು ತೂಗುತ್ತದೆ. ಅದರಲ್ಲಿ ಊರಿದ ಕಂಬಗಳು ವಾಲಿ ನೂರಾರು ಮನೆಗಳು ನೀರಿಗೆ ಕುಸಿದವು. ಜೀವಗಳು ಹೋದವು. ನೆಲದ ಮೇಲೆ ಮನೆ ಬಿದ್ದರೆ ಅವಶೇಷವಾದರೂ ಕೈಗೆ ಸಿಗುತ್ತದೆ. ಇಲ್ಲಿ ಮನೆಯೊಳಗಿನ ಅಕ್ಕಿ, ಮಗ್ಗ, ಬಟ್ಟೆಬರೆ ಎಲ್ಲ ನೀರಿನ ಪಾಲು. ನೆರವು ತಲುಪಬೇಕಾದರೂ ದೋಣಿಯಲ್ಲೇ ಬರಬೇಕು.

ಮತ್ತೆ ಕಟ್ಟುವುದಕ್ಕೆ ಇನ್‌ಥಾ ಜನರಿಗೆ ಗೊತ್ತಿರುವುದು ಹಳೆಯ ಕ್ರಮವೇ: ದಡದ ಕಡೆಯಿಂದ ಬಿದಿರನ್ನೋ ಮರವನ್ನೋ ನೀರಿನಲ್ಲಿ ತೇಲಿಸಿ ತರುವುದು, ತಳದ ಕೆಸರಿಗೆ ಊರುವುದು, ನೀರು ಏರುವಷ್ಟು ಎತ್ತರಕ್ಕೆ ಅಟ್ಟಣೆ ಕಟ್ಟುವುದು. ಸಂಜೆಯ ಬಿಸಿಲು ಪಶ್ಚಿಮದ ಬೆಟ್ಟದ ಹಿಂದೆ ಸರಿಯುವಾಗ ಪ್ರವಾಸಿ ದೋಣಿಗಳೇನಾದರೂ ಇದ್ದರೆ ಅವು ನ್ಯಾಂಗ್‌ಶ್ವೆಯ ಕಾಲುವೆಯ ಕಡೆ ಮುಖ ತಿರುಗಿಸುತ್ತವೆ. ಅದೇ ಹೊತ್ತಿಗೆ ತೋಟಗಳ ಕಡೆಗೆ ಬೇರೆ ದೋಣಿಗಳು ಹೋಗುತ್ತಿರುತ್ತವೆ, ಅಂಚು ನೀರಿಗೆ ತಾಗುವಷ್ಟು ತುಂಬಿಕೊಂಡು. ಅವುಗಳಲ್ಲಿರುವುದು ತಳದಿಂದ ಎಳೆದು ತೆಗೆದ ಹಸಿ ಕಳೆ. ಮರುದಿನ ಬೆಳಿಗ್ಗೆ ಟೊಮೆಟೊ ಬುಡಕ್ಕೆ ಅದನ್ನು ಹೇರಬೇಕು.